ಪಾಯಿಂಟ್ ಗಾರ್ಡ್ ಮೊಣಕಾಲು ಹೋಯ್ತು, ಇನ್ನು ಬಾಲ್ ತರೋರು ಯಾರು?

ಪ್ರಶ್ನೆ: ನಾನು ಒಂದು ಡಿಗ್ರಿ ಕಾಲೇಜಿನಲ್ಲಿ ಪಿ.ಇ. ಮೇಷ್ಟ್ರು. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡ ನೋಡಿಕೊಳ್ಳುತ್ತೇನೆ. ಹೋದ ವಾರ ಪ್ರ್ಯಾಕ್ಟೀಸ್ ಮಾಡುವಾಗ ನಮ್ಮ ಪಾಯಿಂಟ್ ಗಾರ್ಡ್, ಅಂದರೆ ಬಾಲ್ ತಂದು ಆಟ ನಡೆಸುವವಳು, ಲೇಅಪ್ ಹಾಕಿ (ಬುಟ್ಟಿ ಹತ್ತಿರ ನೆಗೆದು ಬಾಲ್ ಹಾಕಿ) ಕೆಳಗಿಳಿಯುವಾಗ ಮೊಣಕಾಲು ತಿರುಚಿಕೊಂಡು ಬಿದ್ದಳು. ಎಂಆರ್‌ಐ ಮಾಡಿಸಿದೆವು, ಎಸಿಎಲ್ ಪೂರ್ತಿ ಹರಿದಿದೆ ಅಂತ ಬಂದಿದೆ. ಟೂರ್ನಮೆಂಟಿಗೆ ಇನ್ನು ಮೂರೇ ವಾರ. ತಂಡದ ಅರ್ಧ ಪಾಯಿಂಟ್ ಅವಳದ್ದೇ. ಅವಳ ಜಾಗಕ್ಕೆ ಯಾರನ್ನು ಹಾಕಲಿ? ಆಟದ ರೀತಿಯನ್ನೇ ಬದಲಿಸಬೇಕಾ? ಇನ್ನೊಂದು ವಿಷಯ, ಈಗ ಊತ ಇಳಿದಿದೆ, ನೀ ಕ್ಯಾಪ್ ಹಾಕಿಕೊಂಡು ಆಡುತ್ತೇನೆ ಅಂತ ಅವಳು ಹಠ ಹಿಡಿದಿದ್ದಾಳೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ, ಅದರಲ್ಲಿ ಯೋಚನೆ ಮಾಡುವಂಥದ್ದು ಏನೂ ಇಲ್ಲ. ಆಡಿಸಬೇಡಿ. ಒಂದು ಕ್ವಾರ್ಟರ್ ಕೂಡ ಬೇಡ, ಫ್ರೀ ಥ್ರೋ ಹಾಕೋಕೆ ಅಂತಲೂ ಬೇಡ.

ಎಸಿಎಲ್ ಅಂದರೆ ಒಂದು ಲಿಗಮೆಂಟ್, ಮೊಣಕಾಲಿನ ಒಳಗೆ ತೊಡೆ ಮೂಳೆಗೂ ಕೆಳಗಿನ ಮೂಳೆಗೂ ಕಟ್ಟಿರುವ ಹಗ್ಗದ ಹಾಗೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಗಿಬಿಡದಂತೆ ಹಿಡಿದಿಡುವುದು ಅದರ ಕೆಲಸ. ಅದು ಹರಿದ ಒಂದೆರಡು ವಾರಕ್ಕೆ ಊತ ಇಳಿಯುತ್ತದೆ, ನೋವು ಕಮ್ಮಿಯಾಗುತ್ತದೆ, ಹುಡುಗಿ ನೆಟ್ಟಗೆ ನಡೆಯುತ್ತಾಳೆ, ಮೆಟ್ಟಿಲನ್ನೂ ಹತ್ತುತ್ತಾಳೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ನೇರ ನಡೆಯೋಕೆ ಆ ಹಗ್ಗ ಅಷ್ಟಾಗಿ ಬೇಕಾಗಿಲ್ಲ. ಓಡುತ್ತಾ ಓಡುತ್ತಾ ಗಕ್ಕನೆ ನಿಂತು ಎಡಕ್ಕೆ ತಿರುಗಬೇಕು ಅಂದಾಗ ಬೇಕು, ಆಗ ಮೊಣಕಾಲು ಕೈ ಕೊಡುತ್ತದೆ. ಹಾಗೆ ಕೈ ಕೊಟ್ಟ ಪ್ರತಿ ಸಲವೂ ಒಳಗಿನ ಮೆತ್ತೆ, ಅದೇ ಮೆನಿಸ್ಕಸ್, ಹರಿಯುವ ಸಾಧ್ಯತೆ ಇರುತ್ತದೆ. ಲಿಗಮೆಂಟನ್ನಾದರೂ ಆಪರೇಷನ್ ಮಾಡಿ ಹೊಸದಾಗಿ ಕೂರಿಸಬಹುದು, ಮೆನಿಸ್ಕಸ್ ಹಾಳಾದರೆ ಮುಂದೆ ಮದುವೆ ಮನೆಯಲ್ಲಿ ನೆಲದ ಮೇಲೆ ಕೂರೋಕೂ ಕಷ್ಟಪಡುತ್ತಾಳೆ. ನೀ ಕ್ಯಾಪ್ ಅಂತೀರಲ್ಲ, ಅದು ಬಟ್ಟೆ. ಕಾಲು ಬೆಚ್ಚಗಿರುತ್ತದೆ, ಮನಸ್ಸಿಗೆ ಧೈರ್ಯ ಬರುತ್ತದೆ, ಆದರೆ ಹರಿದ ಹಗ್ಗದ ಕೆಲಸ ಮಾಡುವುದಿಲ್ಲ. ಎಣ್ಣೆ ಹಚ್ಚಿ ನೀವೋದು, ಪಟ್ಟು ಕಟ್ಟಿಸೋದು ಅಂತ ಮನೆಯವರು ಹೊರಟಿದ್ದರೆ ಅದನ್ನೂ ನೀವೇ ತಡೀಬೇಕು. ಮೊಣಕಾಲಿನ ಆಪರೇಷನ್ ಮಾಡಿ ಅಭ್ಯಾಸ ಇರುವ ಮೂಳೆ ಡಾಕ್ಟರ್ ಹತ್ತಿರ ಕಳಿಸಿ. ಆಪರೇಷನ್ ಬೇಕಾ, ಬೇಡವಾ, ಯಾವಾಗ ಅನ್ನುವುದು ಅವರ ತೀರ್ಮಾನ. ಆದರೆ ಕಾಲು ಪೂರ್ತಿ ಚಾಚುವ ಹಾಗೆ ಮಾಡುವುದು, ತೊಡೆಯ ಶಕ್ತಿ ಉಳಿಸಿಕೊಳ್ಳುವುದು, ಈ ಫಿಸಿಯೋ ಕೆಲಸ ಆಪರೇಷನ್ನಿಗೆ ಮುಂಚೆಯೇ ಶುರುವಾದರೆ ಆಮೇಲೆ ತುಂಬಾ ಅನುಕೂಲ. ಆಪರೇಷನ್ ಆದ ಮೇಲೆ ಕಡಿಮೆ ಅಂದರೂ 9 ತಿಂಗಳು ಕೋರ್ಟ್ ಇಲ್ಲ. ಅದಕ್ಕೆ ಮುಂಚೆ ಇಳಿದವರಿಗೆ ಮತ್ತೆ ಹರಿಯುವುದು ಜಾಸ್ತಿ. 9 ತಿಂಗಳಾಯಿತು ಅಂತ ಕ್ಯಾಲೆಂಡರ್ ನೋಡಿ ಬಿಡುವುದೂ ತಪ್ಪೇ, ಎರಡೂ ಕಾಲಿನ ಶಕ್ತಿ ಅಳೆದು ನೋಡಿ ಬಿಡಬೇಕು.

ಅವಳು ಕೇಳದಿದ್ದರೆ ಕೆವಿನ್ ಡ್ಯುರಾಂಟ್ ಕಥೆ ಹೇಳಿ. 2019ರ ಮೇ 8ರಂದು ಅಮೆರಿಕದ ಎನ್‌ಬಿಎ ಲೀಗಿನ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಡ್ಯುರಾಂಟ್‌ಗೆ ಮೀನಖಂಡದಲ್ಲಿ ಪೆಟ್ಟಾಯಿತು. ಒಂದು ತಿಂಗಳು ಹೊರಗಿದ್ದ. ಮೊದಲು ನಾಲ್ಕು ಪಂದ್ಯ ಗೆದ್ದವರಿಗೆ ಕಪ್ ಅನ್ನುವ ಫೈನಲ್ಸಿನಲ್ಲಿ ತಂಡ ಟೊರಾಂಟೊ ಎದುರು 3-1 ಹಿಂದಿತ್ತು, ಇನ್ನೊಂದು ಸೋತರೆ ಮುಗೀತು ಅನ್ನುವ ಐದನೇ ಪಂದ್ಯಕ್ಕೆ, ಜೂನ್ 10ಕ್ಕೆ, ಇಳಿದ. ಸುಮಾರು 12 ನಿಮಿಷ ಆಡಿ 11 ಪಾಯಿಂಟ್ ಹಾಕಿದ, ಅಷ್ಟರಲ್ಲಿ ಅದೇ ಕಾಲಿನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು, ಅಕಿಲೀಸ್, ಹರಿದುಹೋಯಿತು. ಮೀನಖಂಡದ ಪೆಟ್ಟಿಗೂ ಇದಕ್ಕೂ ಸಂಬಂಧ ಇತ್ತಾ ಅಂತ ಜನ ಇವತ್ತಿಗೂ ವಾದ ಮಾಡುತ್ತಾರೆ. ನಡೆದದ್ದು ಇಷ್ಟು: ಮುಂದಿನ ಇಡೀ ಸೀಸನ್ ಅವನು ಆಡಲಿಲ್ಲ, ವಾರಿಯರ್ಸ್ ಆ ಒಂದು ಪಂದ್ಯ ಗೆದ್ದರೂ ಕಪ್ ಗೆಲ್ಲಲಿಲ್ಲ. ಜಗತ್ತಿನ ಒಳ್ಳೆಯ ಡಾಕ್ಟರುಗಳು, ಫಿಸಿಯೋಗಳು ಸುತ್ತ ಇರುವ ತಂಡದಲ್ಲೇ ಹೀಗಾಗಿದೆ. ನಿಮ್ಮ ಹತ್ತಿರ ಇರುವುದು ಒಂದು ಐಸ್ ಡಬ್ಬ, ಒಂದು ಸ್ಪ್ರೇ ಬಾಟಲಿ, ಅಲ್ವಾ?

ಇನ್ನು ನಿಮ್ಮ ಮೊದಲ ಪ್ರಶ್ನೆ. ಅವಳ ಜಾಗಕ್ಕೆ ಯಾರು? ಯಾರೂ ಇಲ್ಲ. ಇದನ್ನು ಎಷ್ಟು ಬೇಗ ಒಪ್ಪಿಕೊಳ್ಳುತ್ತೀರೋ ಅಷ್ಟು ಒಳ್ಳೆಯದು. ಬೆಂಚಿನ ಮೇಲಿರುವ ಎರಡನೇ ಗಾರ್ಡನ್ನು ಎಬ್ಬಿಸಿ "ಇವತ್ತಿಂದ ನೀನೇ ಅವಳು" ಅಂತ ಹೇಳಿದರೆ ಆ ಮಗು ಎರಡೇ ದಿನದಲ್ಲಿ ನಡುಗಲು ಶುರು ಮಾಡುತ್ತದೆ. ಮೂರು ವಾರದಲ್ಲಿ ಯಾರೂ ಇನ್ನೊಬ್ಬರಾಗೋಕೆ ಆಗಲ್ಲ.

ನಿಮ್ಮದಕ್ಕೆ ಸರಿಯಾಗಿ ಹೊಂದುವ ಉದಾಹರಣೆ ಡೆನ್ವರ್ ನಗೆಟ್ಸ್. 2021ರ ಏಪ್ರಿಲ್ 12ರಂದು ಅವರ ಪಾಯಿಂಟ್ ಗಾರ್ಡ್ ಜಮಾಲ್ ಮರ್ರೆ ಪಂದ್ಯದ ಕೊನೆಯ ನಿಮಿಷದಲ್ಲಿ ಬುಟ್ಟಿಯ ಕಡೆ ನುಗ್ಗುವಾಗ ಬಿದ್ದ. ಎಡ ಮೊಣಕಾಲು, ಎಸಿಎಲ್. ನಿಮ್ಮ ಹುಡುಗಿಯದ್ದೇ ಕಥೆ. ಪಂದ್ಯಕ್ಕೆ 21 ಪಾಯಿಂಟ್ ಹಾಕುತ್ತಿದ್ದ ಆಟಗಾರ. ಆಗ ಸೀಸನ್ನಿನಲ್ಲಿ 18 ಪಂದ್ಯ ಉಳಿದಿದ್ದವು. ನಗೆಟ್ಸ್ ಅದರಲ್ಲಿ 13 ಗೆದ್ದರು! ಪ್ಲೇಆಫ್ ಮೊದಲ ಸುತ್ತಿನಲ್ಲಿ ಪೋರ್ಟ್‌ಲ್ಯಾಂಡ್ ತಂಡವನ್ನು 4-2ರಲ್ಲಿ ಸೋಲಿಸಿದರು. ಅದರ ಐದನೇ ಪಂದ್ಯದಲ್ಲಿ ಡೇಮಿಯನ್ ಲಿಲ್ಲರ್ಡ್ ಒಬ್ಬನೇ 55 ಪಾಯಿಂಟ್ ಹಾಕಿದ್ದ, ಆದರೂ ಎರಡು ಓವರ್‌ಟೈಮ್ ಆಡಿ 147-140ಕ್ಕೆ ಡೆನ್ವರೇ ಗೆದ್ದಿತು.

ಹೇಗೆ? ಮರ್ರೆಯಂಥ ಇನ್ನೊಬ್ಬನನ್ನು ತರಲಿಲ್ಲ, ಆ ಹೊತ್ತಿಗೆ ತರೋಕೂ ಆಗುತ್ತಿರಲಿಲ್ಲ. ಅವರ ಸೆಂಟರ್, ಅಂದರೆ ಬುಟ್ಟಿ ಹತ್ತಿರ ಆಡುವ ಎತ್ತರದ ಆಟಗಾರ, ನಿಕೋಲಾ ಯೋಕಿಚ್ ಪಾಸ್ ಕೊಡುವುದರಲ್ಲಿ ಯಾವ ಗಾರ್ಡಿಗೂ ಕಮ್ಮಿ ಇಲ್ಲ. ಫ್ರೀ ಥ್ರೋ ಗೆರೆಯ ಹತ್ತಿರ ಬಾಲ್ ಹಿಡಿದು ನಿಂತರೆ ಉಳಿದ ನಾಲ್ವರು ಅವನ ಸುತ್ತ ದಿಕ್ಕು ಬದಲಿಸುತ್ತಾ ಬುಟ್ಟಿ ಕಡೆ ನುಗ್ಗುತ್ತಾರೆ. ಆಟ ನಡೆಸುವ ಕೆಲಸ ಅವನ ಮೇಲೆ ಇನ್ನಷ್ಟು ಬಿತ್ತು. ಬಾಲ್ ಹಾಫ್ ಲೈನ್ ದಾಟಿಸುವುದು, ಎದುರಾಳಿ ಗಾರ್ಡಿನ ಬೆನ್ನು ಬಿಡದೆ ಕಾಡುವುದು ಫಕುಂಡೊ ಕಂಪಾಸ್ಸೊಗೆ. ಅರ್ಜೆಂಟೀನಾದವನು, ವಯಸ್ಸು 30, ಎನ್‌ಬಿಎಗೆ ಮಾತ್ರ ಹೊಸಬ, ಆರು ಅಡಿಯೂ ಇಲ್ಲ. ಕೆಲಸವಿಲ್ಲದೆ ಕೂತಿದ್ದ ಆಸ್ಟಿನ್ ರಿವರ್ಸ್‌ನನ್ನು ಏಪ್ರಿಲ್ಲಿನಲ್ಲೇ ಹತ್ತು ದಿನದ ಕಾಂಟ್ರಾಕ್ಟ್ ಮೇಲೆ ಕರೆದಿದ್ದರು. ಪೋರ್ಟ್‌ಲ್ಯಾಂಡ್ ಎದುರಿನ ಮೂರನೇ ಪಂದ್ಯದ ಕೊನೆಯ ಕ್ವಾರ್ಟರಲ್ಲಿ 16 ಪಾಯಿಂಟ್ ಹಾಕಿ ಗೆಲ್ಲಿಸಿದವನು ಇದೇ ರಿವರ್ಸ್. ಅಂದರೆ ಮರ್ರೆ ಮಾಡುತ್ತಿದ್ದ ಕೆಲಸವನ್ನು ತುಂಡು ತುಂಡು ಮಾಡಿ ಯಾರಿಗೆ ಎಷ್ಟು ಹೊರೋಕಾಗುತ್ತೋ ಅಷ್ಟೇ ಹೊರಿಸಿದರು. ಇದಕ್ಕೂ ಒಂದು ಮಿತಿ ಇತ್ತು ಅನ್ನಿ. ಮುಂದಿನ ಸುತ್ತಿನಲ್ಲಿ ಫೀನಿಕ್ಸ್ ಅವರನ್ನು 4-0ಗೆ ಮನೆಗೆ ಕಳಿಸಿತು.

ಈಗ ನೀವೂ ಒಂದು ಕಾಗದ ತಗೊಂಡು ನಿಮ್ಮ ಹುಡುಗಿ ಕೋರ್ಟಿನಲ್ಲಿ ಏನೇನು ಮಾಡುತ್ತಿದ್ದಳು ಅಂತ ಬರೆಯಿರಿ. "ಪಾಯಿಂಟ್ ಹಾಕುತ್ತಿದ್ದಳು" ಅಂತ ಬರೆದು ಸುಮ್ನೆ ಇಟ್ಟುಬಿಡಬೇಡಿ. ಬಾಲ್ ಮೇಲೆ ತರುತ್ತಿದ್ದವಳು ಯಾರು? ಸೆಟ್ ಪ್ಲೇ, ಅಂದರೆ ಮೊದಲೇ ಕಲಿತಿಟ್ಟುಕೊಂಡ ಆಟದ ಪ್ಲಾನ್, ಕೂಗಿ ಹೇಳುತ್ತಿದ್ದವಳು? ಎದುರಾಳಿ ಫಾಸ್ಟ್ ಬ್ರೇಕ್ ಹೊರಟಾಗ ಮೊದಲು ಹಿಂದೆ ಓಡುತ್ತಿದ್ದವಳು? ರೆಫ್ರಿ ಹತ್ತಿರ ಮಾತಾಡುತ್ತಿದ್ದವಳು? ಟೈಮ್ ಮುಗಿಯುತ್ತಾ ಬಂದಾಗ ಕೆಟ್ಟ ಶಾಟ್ ಆದರೂ ಪರವಾಗಿಲ್ಲ ಅಂತ ಧೈರ್ಯ ಮಾಡಿ ಎತ್ತುತ್ತಿದ್ದವಳು? ನೋಡಿ, ಐದಾರು ಕೆಲಸ ಆಯಿತು. ಐದಾರು ಕೆಲಸಕ್ಕೆ ಮೂರು ಜನ ಸಿಕ್ಕೇ ಸಿಗುತ್ತಾರೆ.

ಪಾಯಿಂಟಿನ ಲೆಕ್ಕಕ್ಕೆ ಜನ ಸುಮ್ಸುಮ್ನೆ ಹೆದರುತ್ತಾರೆ. ಅವಳು ಪಂದ್ಯಕ್ಕೆ 20 ಪಾಯಿಂಟ್ ಹಾಕುತ್ತಿದ್ದಳು ಅಂತಿಟ್ಟುಕೊಳ್ಳಿ. ಅದಕ್ಕೆ 18 ಶಾಟ್ ಎತ್ತುತ್ತಿದ್ದಳು. ಆ 18 ಶಾಟ್ ಎಲ್ಲಿಗೂ ಹೋಗಿಲ್ಲ, ತಂಡದ ಹತ್ತಿರವೇ ಇದೆ. ಉಳಿದವರು ಅದರಲ್ಲಿ 12 ಪಾಯಿಂಟ್ ತೆಗೆದರೂ ನಿಮಗೆ ಕಮ್ಮಿ ಬೀಳುವುದು 8 ಮಾತ್ರ, 20 ಅಲ್ಲ. ಆ 8ನ್ನು ಎರಡು ಟರ್ನೋವರ್ (ಶಾಟ್ ಹಾಕುವ ಮುಂಚೆಯೇ ಬಾಲ್ ಕಳೆದುಕೊಳ್ಳುವುದು) ಕಮ್ಮಿ ಮಾಡಿ, ಎರಡು ರಿಬೌಂಡ್ (ಮಿಸ್ ಆದ ಶಾಟಿನ ಬಾಲ್) ಜಾಸ್ತಿ ಹಿಡಿದು ಸ್ವಲ್ಪ ಮಟ್ಟಿಗೆ ಸರಿದೂಗಿಸಬಹುದು. 2017ರಲ್ಲಿ ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಕಪ್ ಬಿ ಡಿವಿಜನ್ ಫೈನಲ್ ನಡೆದಾಗ ಭಾರತದ ಹುಡುಗಿಯರು ಕಜಕಸ್ತಾನವನ್ನು ಸೋಲಿಸಿದ್ದು 75-73ಕ್ಕೆ. ನೋಡಿ, ಒಂದೇ ಒಂದು ಬುಟ್ಟಿ. ಅದಕ್ಕೇ ಟರ್ನೋವರ್ ವಿಷಯದಲ್ಲಿ ನಾನು ಕೆಟ್ಟ ಬೈಗುಳದ ಕೋಚು.

ಲೆಕ್ಕಕ್ಕೆ ಸಿಗದ ನಷ್ಟ ಒಂದಿದೆ, ನಿಜವಾಗಿ ಕಾಡುವುದು ಅದೇ. ಅವಳ ಮೇಲೆ ಇಬ್ಬರು ಬೀಳುತ್ತಿದ್ದರು, ಹಾಗಾಗಿ ಬೇರೆ ಹುಡುಗಿಯರು ಫ್ರೀಯಾಗಿ ಸಿಗುತ್ತಿದ್ದರು. ಮೂಲೆಯಲ್ಲಿ ನಿಂತು ಆರಾಮಾಗಿ ಶಾಟ್ ಹಾಕುತ್ತಿದ್ದ ನಿಮ್ಮ ಶೂಟರ್ ಮುಂದೆ ಇನ್ನು ಕೈ ಎತ್ತಿಕೊಂಡು ಒಬ್ಬಳು ನಿಂತಿರುತ್ತಾಳೆ. ಆಗ ಆ ಶೂಟರ್ ಮಿಸ್ ಮಾಡುತ್ತಾಳೆ, ನೀವು "ಇವಳಿಗೆ ಫಾರ್ಮ್ ಹೋಗಿದೆ" ಅಂತೀರಿ. ಫಾರ್ಮ್ ಹೋಗಿಲ್ಲ ಮೇಷ್ಟ್ರೇ, ಜಾಗ ಹೋಗಿದೆ. ಅದಕ್ಕೆ ಮದ್ದು ಸ್ಕ್ರೀನ್, ಅಂದರೆ ಡಿಫೆಂಡರ್ ದಾರಿಗೆ ಅಡ್ಡ ನಿಂತು ನಮ್ಮವಳನ್ನು ಬಿಡಿಸುವುದು. ಒಬ್ಬಳ ಆಟದಿಂದ ಸಿಗುತ್ತಿದ್ದ ಜಾಗವನ್ನು ಇನ್ನು ಸ್ಕ್ರೀನ್ ಹಾಕಿ ಹಾಕಿ ಮಾಡಿಕೊಳ್ಳಬೇಕು.

ಆಟದ ರೀತಿ ಬದಲಿಸಬೇಕಾ ಅಂದಿರಿ. ಸ್ವಲ್ಪ. ಮೂರು ವಾರದಲ್ಲಿ ಹೊಸ ಆಟ ಕಲಿಸಲು ಹೋಗಬೇಡಿ, ಹಳೆಯದೂ ಮರೆತುಹೋಗುತ್ತದೆ. ಎರಡೇ ವಿಷಯ ಹಿಡಿಯಿರಿ. ಒಂದು, ಓಟ ನಿಧಾನ ಮಾಡಿ. ಪಂದ್ಯದಲ್ಲಿ ಎಷ್ಟು ಕಮ್ಮಿ ಸಲ ಬಾಲ್ ಆ ಕಡೆ ಈ ಕಡೆ ಹೋಗುತ್ತದೋ ದುರ್ಬಲ ತಂಡಕ್ಕೆ ಅಷ್ಟು ಒಳ್ಳೆಯದು. ನೋಡೋರಿಗೆ ಬೋರ್ ಆಗುತ್ತದೆ, ಆಗಲಿ. ಇನ್ನೊಂದು, ಎದುರಾಳಿಯ ಪ್ರೆಸ್ ಒಡೆಯುವುದು; ಪ್ರೆಸ್ ಅಂದರೆ ಬಾಲ್ ಮೇಲೆ ತರೋಕೆ ಬಿಡದೆ ಮೈಮೇಲೆ ಬಿದ್ದು ತಡೆಯುವುದು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಸೋತರೆ ಸೋಲುವುದು ಅಲ್ಲೇ.

ನಿಮ್ಮ ಗಾರ್ಡ್ ಇಲ್ಲ ಅನ್ನುವುದು ಎದುರಾಳಿ ಕೋಚಿಗೆ ವಾರ್ಮ್ ಅಪ್ ನೋಡುವಾಗಲೇ ಗೊತ್ತಾಗುತ್ತದೆ. ಮೊದಲ ಬುಟ್ಟಿ ಬಿದ್ದ ತಕ್ಷಣ ಫುಲ್ ಕೋರ್ಟ್ ಪ್ರೆಸ್ ಹಾಕುತ್ತಾರೆ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. 8 ಸೆಕೆಂಡಿನಲ್ಲಿ ಹಾಫ್ ಲೈನ್ ದಾಟಬೇಕು. ನಿಮ್ಮ ಎರಡನೇ ಗಾರ್ಡ್ ತಲೆ ತಗ್ಗಿಸಿ ಡ್ರಿಬಲ್ ಮಾಡಿಕೊಂಡು ಸೈಡ್ ಲೈನ್ ಕಡೆ ಓಡುತ್ತಾಳೆ, ಇಬ್ಬರು ಬಂದು ಮುಚ್ಚುತ್ತಾರೆ, ಸೈಡ್ ಲೈನ್ ಮೂರನೇ ಡಿಫೆಂಡರ್ ಆಗಿಬಿಡುತ್ತದೆ. ಟರ್ನೋವರ್, ಲೇಅಪ್. ಹೀಗೆ ನಾಲ್ಕು ಸಲ ಆದರೆ ಎರಡೇ ನಿಮಿಷದಲ್ಲಿ 8-0, ಆಮೇಲೆ ಹುಡುಗಿಯರ ಮುಖ ನೋಡೋಕಾಗಲ್ಲ.

ಪ್ರೆಸ್ ಒಡೆಯಬೇಕಾದದ್ದು ಪಾಸಿನಿಂದ. ಬೇಸ್ ಲೈನ್ ಹೊರಗಿನಿಂದ ಬಾಲ್ ಹಾಕುವ ಕೆಲಸ ಗಾಬರಿ ಬೀಳದ, ಸ್ವಲ್ಪ ಎತ್ತರದ ಹುಡುಗಿಗೆ ಕೊಡಿ. ನಿಮ್ಮ ಸೆಂಟರನ್ನು ಆ ಕಡೆಯ ಬುಟ್ಟಿ ಕೆಳಗೆ ಕಳಿಸಿ ಕೈ ಕಟ್ಟಿ ನಿಲ್ಲಿಸಬೇಡಿ, ಅಂಕಣದ ನಡು ವೃತ್ತಕ್ಕೆ ತನ್ನಿ. ಬಾಲ್ ಮೂಲೆಯಲ್ಲಿ ಸಿಕ್ಕಿಕೊಂಡಾಗ ಅವಳು ಎದುರಿಗೆ ಓಡಿಬಂದು ಕೈ ಮೇಲೆತ್ತಿ ಹಿಡಿಯಬೇಕು, ಹಿಡಿದ ಕೂಡಲೇ ತಿರುಗಿ ಇನ್ನೊಂದು ಬದಿಯಲ್ಲಿ ಓಡುತ್ತಿರುವವಳಿಗೆ ಕೊಡಬೇಕು. ಮೂರು ಪಾಸ್, ಪ್ರೆಸ್ ಮುರೀತು. ಇದನ್ನು ಕಲಿಸೋಕೆ ಒಳ್ಳೆಯ ಡ್ರಿಲ್ ಇದೆ: ಐದು ಜನ ಬಾಲ್ ತರಬೇಕು, ಏಳು ಜನ ತಡೆಯಬೇಕು, ಡ್ರಿಬಲ್ ಮಾಡುವ ಹಾಗೇ ಇಲ್ಲ. ಮೊದಲ ದಿನ ಕೂಗಾಟ, ಅಳು ಎಲ್ಲಾ ಆಗುತ್ತದೆ. ಒಂದು ವಾರ ಕಳೆದರೆ ಪಂದ್ಯದಲ್ಲಿ ಬರೀ ಐದು ಜನ ತಡೆಯುವಾಗ ಕೋರ್ಟ್ ಖಾಲಿ ಇದೆ ಅನ್ನಿಸುತ್ತದೆ. ದಿನಾ ಪ್ರ್ಯಾಕ್ಟೀಸಿನ ಮೂರನೇ ಒಂದು ಭಾಗ ಇದಕ್ಕೇ ಇಡಿ, ಮೂರು ವಾರವೂ.

ಈಗ ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳುವುದಿಲ್ಲ. ನೀವು ಮೊದಲ ಪಂದ್ಯ ಗೆಲ್ಲುವ ಸಾಧ್ಯತೆ ಚೆನ್ನಾಗೇ ಇದೆ. ಭಯಪಡಬೇಕಾದದ್ದು ಎರಡನೆಯದಕ್ಕೆ.

1970ರ ಎನ್‌ಬಿಎ ಫೈನಲ್ಸ್ ನೋಡಿ. ಐದನೇ ಪಂದ್ಯದಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡದ ನಾಯಕ, ಸೆಂಟರ್ ವಿಲ್ಲಿಸ್ ರೀಡ್ ತೊಡೆಯ ಸ್ನಾಯು ಹರಿದುಕೊಂಡು ಬಿದ್ದ. ಎದುರಿಗೆ ಲೇಕರ್ಸ್‌ನ ಏಳಡಿಯ ವಿಲ್ಟ್ ಚೇಂಬರ್ಲೇನ್. ನಿಕ್ಸ್ ಅರ್ಧ ಪಂದ್ಯಕ್ಕೆ 13 ಪಾಯಿಂಟ್ ಹಿಂದಿದ್ದರು. ಸೆಂಟರ್ ಇಲ್ಲದೆ ಕುಳ್ಳರೇ ಓಡಾಡಿ, ಬಾಲ್ ಕಿತ್ತುಕೊಂಡು, 107-100ಕ್ಕೆ ಗೆದ್ದರು. ಎರಡು ದಿನ ಬಿಟ್ಟು ಆರನೇ ಪಂದ್ಯ. ಅಷ್ಟೊತ್ತಿಗೆ ಲೇಕರ್ಸ್‌ಗೆ ಬುದ್ಧಿ ಬಂದಿತ್ತು, ಬಾಲನ್ನು ನೇರ ಚೇಂಬರ್ಲೇನ್‌ಗೆ ಕೊಟ್ಟರು. ಅವನು 45 ಪಾಯಿಂಟ್, 27 ರಿಬೌಂಡ್. ನಿಕ್ಸ್ 22 ಪಾಯಿಂಟಿನಿಂದ ಸೋತರು.

ಹಳೆಯ ಕಥೆ ಅಂತೀರಾ? 2025ರ ಮೇ 12ರಂದು ಬಾಸ್ಟನ್ ಸೆಲ್ಟಿಕ್ಸ್‌ನ ಜೇಸನ್ ಟೇಟಮ್‌ಗೆ ಅಕಿಲೀಸ್ ಹರಿಯಿತು. ಅವನಿಲ್ಲದ ಮುಂದಿನ ಪಂದ್ಯದಲ್ಲಿ ಅದೇ ನಿಕ್ಸ್ ತಂಡದ ಎದುರು ಸೆಲ್ಟಿಕ್ಸ್ 127-102ಕ್ಕೆ ಗೆದ್ದರು, ಡೆರಿಕ್ ವೈಟ್ 34 ಪಾಯಿಂಟ್ ಹಾಕಿದ. ಟೇಟಮ್ ಇಲ್ಲದೆಯೂ ನಡೆಯುತ್ತದೆ ಅಂತ ಜನ ಮಾತಾಡಿಕೊಳ್ಳುತ್ತಿದ್ದರು, ಅದರ ಮುಂದಿನ ಪಂದ್ಯದಲ್ಲಿ 119-81. 38 ಪಾಯಿಂಟಿನ ಸೋಲು, ಸೀಸನ್ ಮುಗೀತು.

ಯಾಕೆ ಹೀಗಾಗುತ್ತದೆ? ಮೊದಲ ಪಂದ್ಯದಲ್ಲಿ ಎದುರಾಳಿ ಮಾಡಿಕೊಂಡು ಬಂದ ಲೆಕ್ಕವೆಲ್ಲ ಹೊರಗಿರುವವನದ್ದು. ಹೊಸದಾಗಿ ಇಳಿದವರು ಎಲ್ಲಿಂದ ಶಾಟ್ ಹಾಕುತ್ತಾರೆ ಅಂತ ಅವರಿಗೆ ಗೊತ್ತಿರುವುದಿಲ್ಲ. ನಿಮ್ಮವರು ಗೆಳತಿಗೋಸ್ಕರ ಅಂತ ಜೀವ ಬಿಟ್ಟು ಓಡುತ್ತಾರೆ. ಎರಡನೇ ಪಂದ್ಯಕ್ಕೆ ಎದುರಾಳಿಗೆ ಲೆಕ್ಕ ಸಿಕ್ಕಿರುತ್ತದೆ, ನಿಮ್ಮವರ ಕಾಲು ಸೋತಿರುತ್ತದೆ. ನಾನು ಆಡುವ ಕಾಲದಲ್ಲೂ ಒಂದು ಟೂರ್ನಮೆಂಟಿನಲ್ಲಿ ನಮ್ಮ ಸೆಂಟರ್ ಕೈ ಮುರಿದುಕೊಂಡ. ಆವತ್ತು ಸಂಜೆ ಬಲವಾದ ತಂಡವನ್ನು ಸೋಲಿಸಿ ರಾತ್ರಿಯೆಲ್ಲಾ ಕುಣಿದೆವು. ಮಾರನೇ ದಿನ ಬೆಳಿಗ್ಗೆ ಏನೂ ಅಲ್ಲದ ಒಂದು ತಂಡದ ಎದುರು ಕಾಲೇ ಏಳಲಿಲ್ಲ. ಐದು ಜನ ಪೂರ್ತಿ 40 ನಿಮಿಷ ಆಡಿದ್ದೆವಲ್ಲ ಹಿಂದಿನ ದಿನ.

ಅದಕ್ಕೇ ಹೇಳುವುದು, ಮೊದಲ ಪಂದ್ಯದಲ್ಲೇ ಎಂಟು ಜನರನ್ನು ಆಡಿಸಿ. ಎಂಟನೆಯವಳು ತಪ್ಪು ಮಾಡುತ್ತಾಳೆ, ಮಾಡಲಿ. ಒಂದು ಸೆಟ್ ಪ್ಲೇಯನ್ನು ಬೇಕಂತಲೇ ಬಚ್ಚಿಟ್ಟುಕೊಂಡು ಎರಡನೇ ಪಂದ್ಯಕ್ಕೆ ತೆಗೆಯಿರಿ. ಗೆದ್ದರೆ ರಾತ್ರಿ ಬೇಗ ಮಲಗಿಸಿ.

ಆ 1970ರ ಕಥೆಗೆ ಬಾಲ ಒಂದಿದೆ. ಏಳನೇ ಪಂದ್ಯಕ್ಕೆ ರೀಡ್ ನೋವಿನ ಇಂಜೆಕ್ಷನ್ ತಗೊಂಡು ಕುಂಟುತ್ತಾ ಬಂದ, ಮೊದಲ ಎರಡು ಶಾಟ್ ಹಾಕಿದ, ನಿಕ್ಸ್ ಕಪ್ ಗೆದ್ದರು. ನಿಮ್ಮ ಹುಡುಗಿ ಮೊಬೈಲಿನಲ್ಲಿ ಅದರ ವಿಡಿಯೋ ನೋಡಿಯೇ ಹಠ ಹಿಡಿದಿದ್ದರೂ ಆಶ್ಚರ್ಯವಿಲ್ಲ. ಅವಳಿಗೆ ಹೇಳಿ: ರೀಡ್ ಆವತ್ತು ಹಾಕಿದ್ದು ಬರೀ 4 ಪಾಯಿಂಟ್. ವಾಲ್ಟ್ ಫ್ರೇಜಿಯರ್ ಅನ್ನುವ ಗಾರ್ಡ್ 36 ಪಾಯಿಂಟ್ ಹಾಕಿ 19 ಅಸಿಸ್ಟ್ (ಬುಟ್ಟಿ ಬೀಳುವಂಥ ಪಾಸ್) ಕೊಟ್ಟಿದ್ದಕ್ಕೆ ಪಂದ್ಯ ಗೆದ್ದದ್ದು. ಅಲ್ಲದೆ ಅವನದ್ದು ತೊಡೆಯ ಸ್ನಾಯು, ಅದು ಕೂಡಿಕೊಳ್ಳುತ್ತದೆ. ಪೂರ್ತಿ ಹರಿದ ಎಸಿಎಲ್ ಅಷ್ಟು ಸುಲಭವಾಗಿ ಕೂಡಿಕೊಳ್ಳುವುದಿಲ್ಲ.

ಉಳಿದ ಹುಡುಗಿಯರ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಎಸಿಎಲ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ, ಅದೂ ಮುಕ್ಕಾಲುಪಾಲು ಯಾರೂ ತಾಗದೆ, ನೆಗೆದು ಇಳಿಯುವಾಗಲೋ ತಿರುಗುವಾಗಲೋ. ಇಳಿಯುವಾಗ ಮೊಣಕಾಲುಗಳು ಒಳಕ್ಕೆ ಬಾಗಿ ಒಂದನ್ನೊಂದು ನೋಡುತ್ತಿದ್ದರೆ ಅಪಾಯ. ಎರಡೂ ಕಾಲೂರಿ, ಮೊಣಕಾಲು ಮಡಿಸಿ, ಸದ್ದಾಗದ ಹಾಗೆ ಇಳಿಯುವುದನ್ನು ದಿನಾ ಹದಿನೈದು ನಿಮಿಷ ವಾರ್ಮ್ ಅಪ್ಪಿನಲ್ಲೇ ಮಾಡಿಸಿ. ಗೆಳತಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದಾರೆ, ಈಗ ಎಲ್ಲರೂ ಲೇಅಪ್ ಹಾಕೋಕೆ ಒಳಗೊಳಗೇ ಹೆದರುತ್ತಿರುತ್ತಾರೆ. ಹೆದರಬೇಡಿ ಅಂತ ಬಾಯಲ್ಲಿ ಹೇಳುವುದಕ್ಕಿಂತ ಇಳಿಯೋದು ಹೇಗೆ ಅಂತ ಕಲಿಸುವುದು ಮೇಲು.

ಕೊನೆಗೆ ಅವಳು. ಮರ್ರೆ ಬಿದ್ದ ರಾತ್ರಿ ನಡೆದದ್ದನ್ನು ಅವನ ಆಗಿನ ಕೋಚ್ ಮೈಕಲ್ ಮಲೋನ್ ಆಮೇಲೆ ಹೇಳಿಕೊಂಡಿದ್ದಾರೆ. ಹುಡುಗ ಕಣ್ಣಲ್ಲಿ ನೀರು ತುಂಬಿಕೊಂಡು ಮೊದಲು ಕೇಳಿದ್ದು ನನ್ನನ್ನು ಬೇರೆ ತಂಡಕ್ಕೆ ಕೊಟ್ಟುಬಿಡುತ್ತೀರಾ, ನಾನೀಗ ಕೆಟ್ಟುಹೋದ ಸಾಮಾನು ಅಲ್ವಾ ಅಂತ. ಕೋಚ್ ತಬ್ಬಿಕೊಂಡು ಇಲ್ಲ, ನೀನು ನಮ್ಮವನೇ ಅಂದರಂತೆ. ಬರೀ ಬಾಯಿ ಮಾತಲ್ಲ, 2021-22ರ ಇಡೀ ಸೀಸನ್ ಅವನನ್ನು ಇಳಿಸಲಿಲ್ಲ. ಆ ವರ್ಷ ಮೊದಲ ಸುತ್ತಿನಲ್ಲೇ ಸೋತರೂ ಅವಸರ ಮಾಡಲಿಲ್ಲ. 2023ರಲ್ಲಿ ಡೆನ್ವರ್ ಮೊದಲ ಸಲ ಎನ್‌ಬಿಎ ಕಪ್ ಗೆದ್ದಾಗ ಯೋಕಿಚ್ ಪಕ್ಕದಲ್ಲಿ ಆಟ ನಡೆಸಿದವನು ಇದೇ ಮರ್ರೆ.

ನಿಮ್ಮ ಹುಡುಗಿ ಹಠ ಮಾಡುತ್ತಿರುವುದೂ ಅದೇ ಭಯಕ್ಕೆ ಅಂತ ನನ್ನ ಅನುಮಾನ. ಸ್ಪೋರ್ಟ್ಸ್ ಕೋಟಾ, ಫೀಸು, ಹಾಸ್ಟೆಲ್ ಸೀಟು, ಏನೇನು ತಲೆಯಲ್ಲಿದೆಯೋ ಕೇಳಿ ನೋಡಿ. ಅದರಲ್ಲಿ ನಿಮ್ಮ ಕೈಯಲ್ಲಿರುವುದನ್ನು ಪ್ರಿನ್ಸಿಪಾಲರ ಹತ್ತಿರ ಮಾತಾಡಿ ಈಗಲೇ ಗಟ್ಟಿ ಮಾಡಿಕೊಡಿ. ಹಿಂದೆ ನಾನು ಕೋಚ್ ಆಗಿದ್ದ ಒಂದು ತಂಡದಲ್ಲಿ ಹೀಗೇ ಬಿದ್ದ ಹುಡುಗಿಯನ್ನು ರೆಸ್ಟ್ ತಗೊಳ್ಳಲಿ ಅಂತ ನಾವ್ಯಾರೂ ಕರೆಯಲಿಲ್ಲ, ತೊಂದರೆ ಕೊಡಬಾರದು ಅಂದುಕೊಂಡೆವು. ಕಾಲು ವಾಸಿಯಾಯಿತು, ಅವಳು ಮಾತ್ರ ಕೋರ್ಟಿಗೆ ವಾಪಸ್ ಬರಲಿಲ್ಲ. ಅದು ನನ್ನದೇ ತಪ್ಪು.

ಟೂರ್ನಮೆಂಟಿಗೆ ಹೊರಡುವಾಗ ಡಾಕ್ಟರ್ ಪ್ರಯಾಣಕ್ಕೆ ಒಪ್ಪಿದರೆ ಅವಳನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ಕಾಲು ಚಾಚೋಕೆ ಹಿಂದಿನ ಉದ್ದ ಸೀಟು ಬಿಟ್ಟುಕೊಡಿ. ಬೆಂಚಿನಲ್ಲಿ ನಿಮ್ಮ ಪಕ್ಕ ಕೂರಿಸಿ, ಎದುರಾಳಿ ಪ್ರೆಸ್‌ನಲ್ಲಿ ಯಾವ ಮೂಲೆಯಿಂದ ಇಬ್ಬರು ಬರುತ್ತಿದ್ದಾರೆ ಅಂತ ಬರೆದುಕೊಳ್ಳುವ ಕೆಲಸ ಕೊಡಿ. ನಿಮಗಿಂತ ಬೇಗ ಅವಳಿಗೆ ಕಾಣುತ್ತದೆ. ಟೈಮ್ ಔಟ್ ತಗೊಂಡಾಗ ನಿಮ್ಮ ಎರಡನೇ ಗಾರ್ಡಿಗೆ ಆ ವಿಷಯ ಅವಳೇ ಹೇಳಲಿ, ನೀವು ನೀರಿನ ಬಾಟಲಿ ಹಿಡಿದು ಸುಮ್ನೆ ನಿಂತಿರಿ.